ಖಾದರನ ಕಣ್ಣು

ಖಾದರನಿಗೆ ಸಂಜೆ ಹೊತ್ತು ಕಣ್ಣು ಕಾಣುವುದಿಲ್ಲ ಎಂಬ ಮಾತನ್ನು ಮೊದಲು ಆಡಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈಗ ನಮ್ಮ ಯಾವಗಲ್ ಊರಿನಲ್ಲಿ ಯಾರನ್ನು ಕೇಳಿದರೂ ಅದು ಬಹಳ ದಿನದಿಂದ ಎಲ್ಲರಿಗೂ ಗೊತ್ತಿದ್ದ ಸಂಗತಿ ಎನ್ನುತ್ತಾರೆ. ಯಾರಿಗೂ ಏನೂ ಗೊತ್ತಿರಲಿಲ್ಲ. ನಾನು ಆಡಿದೆ, ಅದೂ ನಗಾಡುತ್ತ ಆಡಿದೆ.

ನನ್ನ ಹೆಸರು ಸುಶೀಲವ್ವ. ಹದಿನಾಲ್ಕು ಹೆಣ್ಣಾಳುಗಳ ಗುಂಪು ನನ್ನದು. ಹೊಲದವರು ನನಗೆ ಫೋನು ಮಾಡುತ್ತಾರೆ. ಎಷ್ಟು ಆಳು, ಯಾವ ಹೊಲ, ಎಷ್ಟು ದಿನ ಎಂದು ನಾನು ಮಾತು ಮುಗಿಸುತ್ತೇನೆ. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಬಂದು ಮೂರು ಗಾಲಿಯ ಟಂಟಂ ಹತ್ತುತ್ತಾರೆ. ಹೆಚ್ಚಿನ ಕೆಲಸ ಹೊಳೆಮಣ್ಣೂರಿನ ಕಡೆ, ಮಲಪ್ರಭೆಯ ದಂಡೆಯ ಉಳ್ಳಾಗಡ್ಡಿ ಹೊಲಗಳಲ್ಲಿ. ಹನ್ನೊಂದು ವರ್ಷ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಸಂಜೆ ಮನೆ ಬಾಗಿಲಿಗೆ ತಂದು ಇಳಿಸಿದವನು ಖಾದರ. ನನಗಿಂತ ಏಳೆಂಟು ವರ್ಷ ಚಿಕ್ಕವನು, ಅಕ್ಕಾರ ಎಂದೇ ಕರೆಯುವವನು. ಹದಿನಾಲ್ಕೂ ತಲೆ ಎಣಿಸದೆ ಗಾಡಿ ಚಾಲೂ ಮಾಡಿದವನಲ್ಲ. ದಾರಿಯಲ್ಲಿ ಯಾರದಾದರೂ ಚಪ್ಪಲಿ ಬಿದ್ದರೆ ಗಾಡಿ ನಿಲ್ಲಿಸಿ ತಾನೇ ಓಡಿ ಹೋಗಿ ತರುತ್ತಿದ್ದ. ಅವನ ಗಾಡಿಯಲ್ಲಿ ಹೆಂಗಸರ ನಡುವೆ ಒಬ್ಬ ಗಂಡಸು ಕೂತದ್ದನ್ನು ನಾನು ಕಂಡಿಲ್ಲ. ಎಂಥ ಸಾಹುಕಾರ ಕೈ ಅಡ್ಡ ಮಾಡಿದರೂ ನಿಲ್ಲಿಸುತ್ತಿರಲಿಲ್ಲ.

ಹೋದ ವರ್ಷ ಆಷಾಢದಲ್ಲಿ ಒಂದು ಸಂಜೆ ಹೊಳೆಮಣ್ಣೂರಿನಿಂದ ವಾಪಸು ಬರುತ್ತಿದ್ದೆವು. ಹೊತ್ತು ಇಳಿದು ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಕ್ರಾಸಿನಲ್ಲಿ ನಮ್ಮೂರ ಅರ್ಜುನಪ್ಪ ನಿಂತಿದ್ದ. ಬಸ್ಸು ತಪ್ಪಿತ್ತೋ ಏನೋ, ಎರಡೂ ಕೈ ಎತ್ತಿ ಬೀಸಿದ. ಖಾದರ ತನ್ನ ಪದ್ಧತಿಯಂತೆ ನಿಲ್ಲಿಸದೆ ಮುಂದೆ ಬಂದ. ಯಾಕೆ ನಿಲ್ಲಿಸಲಿಲ್ಲ ಎಂದು ನಮಗೆಲ್ಲ ಗೊತ್ತು. ಆದರೆ ನನ್ನ ಬಾಯಿ ಸುಮ್ಮನಿರುವ ಬಾಯಿಯಲ್ಲ.

"ಬಿಡಬೇ, ನಮ್ಮ ಖಾದರಗ ಸಂಜಿ ಮುಂದ ಕಣ್ಣ ಕಾಣಂಗಿಲ್ಲ. ಅರ್ಜುನಪ್ಪನ್ನ ನೋಡಿ ಜಾಲಿ ಕಂಟಿ ಅಂದ್ಕೊಂಡಿರಬೇಕು!" ಎಂದೆ.

ಹೊಟ್ಟೆ ಹಿಡಿದುಕೊಂಡು ನಕ್ಕೆವು. ಖಾದರನೂ ನಕ್ಕ. "ಹೌದ್ರಿ ಅಕ್ಕಾರ, ಜಾಲಿ ಕಂಟೀನ ಕೈ ಎತ್ತಿದಂಗ ಕಂಡ್ತ ನೋಡ್ರಿ," ಎಂದು ತಾನೂ ಒಂದು ಸೇರಿಸಿದ. ಅಲ್ಲಿಗೆ ಅದು ಮುಗಿಯಬೇಕಿತ್ತು.

ಹೊಲದಲ್ಲಿ ಕಳೆ ಕಸ ತೆಗೆಯುವ ಕೆಲಸ ಹೇಗಿರುತ್ತದೆ ಎಂದು ಮಾಡದವರಿಗೆ ಗೊತ್ತಾಗುವುದಿಲ್ಲ. ಹದಿನಾಲ್ಕು ಜನ ಒಬ್ಬೊಬ್ಬರು ಒಂದೊಂದು ಸಾಲು ಹಿಡಿದು, ಕುಕ್ಕರಗಾಲಲ್ಲಿ ಕೂತು, ಕುರ್ಪಿಯಿಂದ ಕೆದರುತ್ತ ಮುಂದೆ ಸರಿಯುತ್ತೇವೆ. ಕೈಗೆ ಕೆಲಸ, ಬಾಯಿ ಖಾಲಿ. ಈ ತುದಿಯವಳು ಆಡಿದ್ದು ಆ ತುದಿಯವಳಿಗೆ ಕೇಳಿಸುವುದಿಲ್ಲ, ನಡುವಿನವರು ದಾಟಿಸಬೇಕು. ದಾಟಿಸುವಾಗ ಒಂದಿಷ್ಟು ಉಪ್ಪುಖಾರ ಹಚ್ಚದಿದ್ದರೆ ಹೊತ್ತು ಹೋಗುವುದಿಲ್ಲ. ಹೊಲದ ತುದಿ ಮುಟ್ಟಿ ಸಾಲು ತಿರುಗಿಸುವಷ್ಟರಲ್ಲಿ ನಾನು ಆಡಿದ ಮಾತು ಬೇರೆಯವರ ದನಿಯಲ್ಲಿ ನನಗೇ ವಾಪಸು ಬಂದಿರುತ್ತದೆ.

ಮರುದಿನ ಹಾಗೇ ಆಯಿತು. ನನ್ನ ಪಕ್ಕದ ಸಾಲು ಹಿಡಿದವಳು ಕಳಕವ್ವ, ಗುಂಪಿನಲ್ಲಿ ನನ್ನಷ್ಟೇ ಹಳಬಳು.

"ಖರೇನ ಅನಸ್ತೈತಿ ಬೇ ಸುಶೀಲವ್ವ," ಎಂದಳು. "ನಿನ್ನಿ ಹಳ್ಳದ ಹತ್ರ ತೆಗ್ಗಿನ್ಯಾಗ ಹ್ಯಾಂಗ ಹಾಕಿದ ನೋಡಿದ್ಯಾ? ನನ್ನ ಸ್ವಂಟ ಮುರದಂಗ ಆತು."

ಆ ರಸ್ತೆಯಲ್ಲಿ ತೆಗ್ಗಿಲ್ಲದ ಜಾಗ ಎಲ್ಲಿದೆ? ಹನ್ನೊಂದು ವರ್ಷ ಅದೇ ತೆಗ್ಗಿನಲ್ಲಿ ಅದೇ ಗಾಡಿ ಎತ್ತಿ ಹಾಕಿತ್ತು. ನಾವು ರಸ್ತೆ ಮಾಡಿಸಿದವರನ್ನು ಬೈದು ಸುಮ್ಮನಾಗುತ್ತಿದ್ದೆವು. ಆ ದಿನದಿಂದ ತೆಗ್ಗೆಲ್ಲ ಖಾದರನ ಕಣ್ಣಿನ ಪಾಲಾದವು. ಗಾಡಿ ಕುಲುಕಿದಾಗಲೆಲ್ಲ ಹಿಂದೆ ಕೂತವರು ಒಬ್ಬರ ಮುಖ ಒಬ್ಬರು ನೋಡುವರು. ಕುಲುಕದ ದಿನ ಯಾರೂ ಏನೂ ಲೆಕ್ಕ ಇಡಲಿಲ್ಲ.

ಹದಿನೈದು ದಿನದೊಳಗೆ ಮಾತು ಊರು ಸುತ್ತಿತು. ಗಿರಣಿಯಲ್ಲಿ ಹಿಟ್ಟು ಹಾಕಿಸಲು ಹೋದರೆ ಅಲ್ಲಿ ಕೇಳಿದೆ. ನಳದ ಹತ್ತಿರ ಕೇಳಿದೆ. ಅತ್ತೆ ಹೇಳಿದಳು. ಒಂದು ದಿನ ನನ್ನ ಗಂಡ ಕರೆಪ್ಪ ಚಹಾದಂಗಡಿಯಿಂದ ಬಂದವನು, "ನಿಮ್ಮ ಟಂಟಂದವಗ ಕಣ್ಣ ಹೋಗ್ಯಾವಂತಲ್ಲ? ಅರ್ಜುನಪ್ಪ ರಸ್ತೇದಾಗ ನಿಂತು ಎರಡೂ ಕೈ ಬೀಸಿದ್ರೂ ಕಾಣಲಿಲ್ಲಂತ," ಎಂದ. ಅರ್ಜುನಪ್ಪನಿಗೆ ತನ್ನನ್ನು ಕಂಡೂ ಬಿಟ್ಟು ಹೋದ ಎನ್ನುವುದಕ್ಕಿಂತ ಕಣ್ಣು ಕಾಣಲಿಲ್ಲ ಎನ್ನುವುದು ಮರ್ಯಾದೆಯಾಗಿ ಕಂಡಿರಬೇಕು.

ಇಲ್ಲಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಗಿರಣಿಯವನು, ಅತ್ತೆ, ಕಳಕವ್ವ, ಕಟ್ಟಿಕೊಂಡ ಗಂಡ, ಇಷ್ಟು ಜನ ಹೇಳುವಾಗ ಸುಳ್ಳಿರಲಿಕ್ಕಿಲ್ಲ ಎಂದು ನನಗೂ ಅನಿಸತೊಡಗಿತು. ಇವರಿಗೆಲ್ಲ ಇದು ಮುಟ್ಟಿದ್ದು ನನ್ನ ಬಾಯಿಂದ ಎಂಬುದನ್ನು ಮರೆತಿರಲಿಲ್ಲ. ಆದರೆ ಅದು ಅಡ್ಡಿಯಾಗಲಿಲ್ಲ. ನೋಡು, ಎಲ್ಲರಿಗಿಂತ ಮೊದಲು ನನಗೇ ತಿಳಿಯಿತಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಈಗ ನೆನೆದರೆ ನನ್ನ ಮೋರೆಗೆ ನಾನೇ ಉಗುಳಬೇಕು ಅನಿಸುತ್ತದೆ.

ಒಪ್ಪದವಳು ಒಬ್ಬಳೇ, ನನ್ನ ತಂಗಿ ಮಾಳವ್ವ. ಅವಳನ್ನೂ ಇದೇ ಊರಿಗೆ ಕೊಟ್ಟಿತ್ತು, ಗುಂಪಿನಲ್ಲಿ ನನ್ನ ಜೊತೆಗೇ ಬರುತ್ತಿದ್ದಳು. ಗಾಡಿಯಲ್ಲಿ ಯಾವಾಗಲೂ ಡ್ರೈವರನ ಬೆನ್ನ ಹಿಂದಿನ ಜಾಗ ಅವಳದು. ಮಾತು ಕಡಿಮೆ, ಆಡಿದರೆ ಮುಖಕ್ಕೆ ಹೊಡೆದ ಹಾಗೆ.

"ನಾ ಅವನ ಹಿಂದ ಕುಂದ್ರತೇನಿ," ಎಂದಳು ಒಂದು ದಿನ ಬುತ್ತಿ ಬಿಚ್ಚಿದಾಗ. "ಅವಗ ಕಾಣೂದೆಲ್ಲ ನನಗೂ ಕಾಣತೈತಿ. ರಸ್ತೇದಾಗ ಅಡ್ಡ ಬಂದ ಓತಿಕ್ಯಾತಕ್ಕೂ ಬ್ರೇಕ್ ಹಾಕ್ತಾನ ಅವಾ."

"ಊರಾನ ಮಂದಿಗೆಲ್ಲ ಕಂಡದ್ದು ನಿನಗೊಬ್ಬಾಕಿಗೆ ಕಾಣೂದಿಲ್ಲೇನ?" ಎಂದೆ.

"ಊರಾನ ಮಂದಿಗೆ ಹೇಳಿದಾಕಿ ಯಾರ? ನೀನ ಅಲ್ಲೇನ, ನಕ್ಕೋತ ಅಂದಾಕಿ?"

"ಹೌದು, ನಾನ ಅಂದೆ. ನನಗ ಮೊದಲ ತಿಳೀತು, ಅಂದೆ."

ಅವಳು ರೊಟ್ಟಿ ಮುರಿಯುತ್ತಿದ್ದವಳು ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ಬೇಗ ಉಂಡು ಎದ್ದಳು. ಅಕ್ಕನ ಜೊತೆ ಮಾತು ಬೆಳೆಸಿ ರೂಢಿಯಿಲ್ಲ ಅವಳಿಗೆ.

ಮಾತು ಕೊನೆಗೆ ಮುಟ್ಟಿದ್ದು ಖಾದರನಿಗೇ. ಎಲ್ಲರೂ ಅವನ ಒಳ್ಳೆಯದಕ್ಕೇ ಹೇಳಿದರು. ಪೆಟ್ರೋಲು ಹಾಕುವವನು ಹೇಳಿದ, ಮಸೂತಿಯ ಮುಂದೆ ಕೂರುವ ಹಿರಿಯರು ಹೇಳಿದರು, ಅಣ್ಣ ಮೋದಿನಸಾಬ ಹೇಳಿದ. ಹೆಂಡತಿ ರಾಜಮಾ ಅಂತೂ ಅತ್ತುಬಿಟ್ಟಳಂತೆ. ತವರುಮನೆ ಗಜೇಂದ್ರಗಡದಿಂದ ಅವಳು ಎಂಥದೋ ಔಷಧದ ಶೀಷೆ ತರಿಸಿದಳು. ಬೆಳಿಗ್ಗೆ ಸಂಜೆ ಎರಡೆರಡು ಹನಿ. ಆ ಹನಿ ಬಿದ್ದರೆ ಅರ್ಧ ತಾಸು ಕಣ್ಣು ಕೆಂಪಗೆ ಉರಿಯುತ್ತಿತ್ತು. ಕೆಂಪು ಕಣ್ಣು ನೋಡಿ ಊರಿನವರಿಗೆ ಮತ್ತಷ್ಟು ಖಾತ್ರಿಯಾಯಿತು.

ಶ್ರಾವಣದಲ್ಲಿ ರೋಣದಲ್ಲಿ ಕಣ್ಣಿನ ಶಿಬಿರ ನಡೆಯಿತು. ಖಾದರ ಒಂದು ದಿನ ಗಾಡಿ ಬಿಟ್ಟು ಹೋಗಿ ತೋರಿಸಿಕೊಂಡು ಬಂದ. ಮರುದಿನ ಬೆಳಿಗ್ಗೆ ನಾವು ಹತ್ತುವ ಮೊದಲು ಅಂಗಿಯ ಜೇಬಿನಿಂದ ಚೀಟಿ ತೆಗೆದು ನನ್ನ ಕೈಗೆ ಕೊಟ್ಟ. ಏಳನೇ ಇಯತ್ತೆವರೆಗೆ ಓದಿದವಳು ಗುಂಪಿನಲ್ಲಿ ನಾನೊಬ್ಬಳೇ.

"ಎಲ್ಲಾ ಅಕ್ಷರ ಓದಿದೆ ಅಕ್ಕಾರ, ಕಡೀ ಸಾಲಿನ ಸಣ್ಣವನ್ನೂ," ಎಂದ. "ಏನೂ ಆಗಿಲ್ಲ, ಚಾಳೀಸೂ ಬ್ಯಾಡ ಅಂದ್ರು ಡಾಕ್ಟರು."

ಮುಖ ಅರಳಿತ್ತು ಅವನದು. ಚೀಟಿ ಕೈಯಿಂದ ಕೈಗೆ ದಾಟಿತು. ಎಲ್ಲರೂ ತಿರುಗಿಸಿ ತಿರುಗಿಸಿ ನೋಡಿದರು. ಕಳಕವ್ವ ಅದನ್ನು ಮಡಚಿ ವಾಪಸು ಕೊಡುತ್ತ, "ಮುಂಜಾನೆ ತೋರಿಸಿದ್ರ ಚಲೋನ ಇರ್ತಾವ ತಮ್ಮಾ. ಸಂಜಿ ಮುಂದ ತೋರಿಸಬೇಕಾಗಿತ್ತು," ಎಂದಳು.

ಎಷ್ಟು ಸರಿಯಾದ ಮಾತು ಎಂದು ಎಲ್ಲರೂ ಗೋಣು ಹಾಕಿದರು. ನಾನೂ ಹಾಕಿದೆ. ಖಾದರ ಚೀಟಿಯನ್ನು ಜೇಬಿಗೆ ಇಟ್ಟುಕೊಂಡು ಏನೋ ಯೋಚನೆ ಮಾಡುತ್ತ ಗಾಡಿ ಚಾಲೂ ಮಾಡಿದ. ಆ ದಿನ ತಲೆ ಎಣಿಸುವುದನ್ನು ಮರೆತ.

ಆಮೇಲೆ ಅವನು ಬೇರೆಯೇ ಆದ. ಸಂಜೆಯಾದರೆ ಗಾಡಿ ನಡೆದುಕೊಂಡು ಹೋದಷ್ಟು ನಿಧಾನ. ಹೆಜ್ಜೆಗೊಮ್ಮೆ ಕಣ್ಣು ಉಜ್ಜುವುದು. ಹಿಂದಕ್ಕೆ ಕತ್ತು ತಿರುಗಿಸಿ ಮಾಳವ್ವನನ್ನು ಕೇಳುವುದು, "ಅಕ್ಕಾರ, ಅಲ್ಲಿ ನಿಂತದ್ದು ಮನಶ್ಯಾನೋ ಗಿಡಾನೋ?" ಮಾಳವ್ವ "ಗಿಡಾನಪಾ, ನಿನಗ ಗೊತ್ತಿದ್ದ ಗಿಡಾನ," ಎನ್ನುವಳು. ಉಳಿದವರೆಲ್ಲ ಗಾಡಿಯ ಸರಳು ಬಿಗಿಹಿಡಿದು ಕೂರುವರು. ಭಾದ್ರಪದ ಹತ್ತಿರ ಬಂದಾಗ ಒಂದು ಸಂಜೆ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳಿದ. ಮುಂದೆ ಹೋಗಿ ಬಗ್ಗಿ ರಸ್ತೆಯನ್ನು ಕೈಯಿಂದ ಮುಟ್ಟಿ ನೋಡಿದ. ಬೇವಿನ ಮರದ ನೆರಳು ಅಡ್ಡ ಬಿದ್ದಿತ್ತು, ಅಷ್ಟೆ. ಗಾಡಿಯಲ್ಲಿದ್ದ ಪುಷ್ಪಾವತಿ ಎಂಬ ಸಣ್ಣ ವಯಸ್ಸಿನ ಹುಡುಗಿ, ಮದುವೆಯಾಗಿ ವರ್ಷ ತುಂಬಿರಲಿಲ್ಲ, ಗಾಬರಿಯಾಗಿ ಅಳಲು ಶುರುಮಾಡಿದಳು.

ಮರುದಿನ ಸಾಲಿನಲ್ಲೇ ತೀರ್ಮಾನವಾಯಿತು. ಗಾಡಿ ಬದಲಿಸಬೇಕು. ಕಳಕವ್ವನ ತಮ್ಮನ ಮಗ ಯಮನೂರ ಹೊಸ ಟಂಟಂ ತಂದಿದ್ದ, ಇಪ್ಪತ್ಮೂರರ ಹುಡುಗ. ಖಾದರನಿಗೆ ಹೇಳುವ ಕೆಲಸ ನನ್ನ ತಲೆಗೆ ಬಂತು, ಗುಂಪಿನ ಮುಂದಾಳು ನಾನಲ್ಲವೇ.

ಅವನ ಮನೆಗೆ ಹೋದೆ. ಬಹಳ ಮಾತು ಸಿದ್ಧ ಮಾಡಿಕೊಂಡು ಹೋಗಿದ್ದೆ, ಒಂದೂ ಬೇಕಾಗಲಿಲ್ಲ.

"ನಾನ ನಿಮಗ ಹೇಳಬೇಕಂತಿದ್ದೆ ಅಕ್ಕಾರ," ಎಂದ. "ನನಗ ಧೈರ್ಯ ಸಾಲವಲ್ದು. ಹದಿನಾಲ್ಕು ಮಂದಿ ಜೀಂವಾ. ಹೊತ್ತು ಇಳದ್ರ ಸಾಕು, ಎಲ್ಲಾ ಮಸಕ ಮಸಕ ಅನಸ್ತೈತಿ. ಡಾಕ್ಟರಗ ಗೊತ್ತಾಗಿಲ್ಲ ಬಿಡ್ರಿ."

ಆ ವಾರವೇ ನರಗುಂದಕ್ಕೆ ಹೋಗಿ ಗಾಡಿ ಮಾರಿ ಬಸ್ಸಿನಲ್ಲಿ ವಾಪಸು ಬಂದ. ಊರಿನ ಕಾಳಿನ ವ್ಯಾಪಾರಿಯ ಗೋದಾಮಿನಲ್ಲಿ ಚೀಲದ ಬಾಯಿ ಹೊಲಿಯುವ ಕೆಲಸಕ್ಕೆ ನಿಂತ. ಆಗ ಹೆಸರುಕಾಳಿನ ಸುಗ್ಗಿ. ಒಂದು ಸಂಜೆ ಆ ದಾರಿಯಲ್ಲಿ ಬರುವಾಗ ಗೋದಾಮಿನ ಬಾಗಿಲಲ್ಲಿ ಕೂತವನನ್ನು ಕಂಡೆ. ದೀಪ ಇನ್ನೂ ಹಚ್ಚಿರಲಿಲ್ಲ. ದಬ್ಬಣ ಎತ್ತಿ ಹಿಡಿದು ಸುತಳಿಯ ತುದಿಯನ್ನು ನಾಲಿಗೆಗೆ ಒತ್ತಿ ಒಂದೇ ಸಲಕ್ಕೆ ಪೋಣಿಸಿದ. ನಾನು ನಿಂತು ನೋಡಿದೆ. ನೋಡಿಯೂ ನನಗೆ ಹೊಳೆದದ್ದು ಏನು? ಪಾಪ, ಹತ್ತಿರದ್ದು ಕಾಣುತ್ತದೆ, ದೂರದ್ದೇ ಕಾಣುವುದಿಲ್ಲ ಎಂದು. ಮನೆಗೆ ಬಂದು ಕರೆಪ್ಪನಿಗೂ ಹಾಗೇ ಹೇಳಿದೆ. ಅವನು ಹೌದು ಹೌದು, ಮಂದಿನೂ ಹಾಗೇ ಅಂತಾರ ಎಂದ.

ಯಮನೂರನ ಗಾಡಿ ಹತ್ತುವುದಿಲ್ಲ ಎಂದು ಮಾಳವ್ವ ಹಟ ಹಿಡಿದಳು. ಬಸ್ಸಿಗೆ ಬರುತ್ತೇನೆ ಎಂದಳು. ಬಸ್ಸು ಹೊಲದ ತನಕ ಹೋಗುವುದಿಲ್ಲ, ಅಲ್ಲಿಂದ ಮೂರು ಕಿಲೋಮೀಟರು ನಡೆಯಬೇಕು. ನಾಲ್ಕು ದಿನ ನಡೆದಳು. ಐದನೇ ದಿನ ನಾನು ಅವಳ ಮನೆಗೇ ಹೋಗಿ ಜಗಳ ತೆಗೆದೆ. ತಡವಾಗಿ ಬರುವವಳಿಗೆ ಹೊಲದವರು ಪೂರ್ತಿ ಕೂಲಿ ಕೊಡುವುದಿಲ್ಲ, ಗುಂಪಿಗೆ ಕೆಟ್ಟ ಹೆಸರು ಬರುತ್ತದೆ, ನಾಳೆಯಿಂದ ಗಾಡಿಯಲ್ಲಿ ಬರದಿದ್ದರೆ ಬರಲೇಬೇಡ ಎಂದೆ.

"ಆ ಹುಡುಗ ಭಾಳ ಜೋರ ಹೊಡೀತಾನಕ್ಕಾ," ಎಂದಳು.

"ಅವಗ ಕಣ್ಣ ಕಾಣತಾವ, ಅದಕ್ಕ ಹೊಡೀತಾನ."

ಇದು ನನ್ನ ಸ್ವಂತ ಮಾತಲ್ಲ. ಗಾಡಿಯಲ್ಲಿ ದಿನಾ ಎಲ್ಲರೂ ಇದನ್ನೇ ಹೇಳುತ್ತಿದ್ದರು. ಖಾದರನ ಆಮೆನಡಿಗೆಯಲ್ಲಿ ಕುಳಿತು ಬೇಸತ್ತವರಿಗೆ ಯಮನೂರನ ವೇಗ ಕಣ್ಣಿನ ಗುರುತಾಗಿ ಕಂಡಿತ್ತು. ತಿರುವಿನಲ್ಲಿ ಗಾಡಿ ವಾಲಿದರೆ "ಹದ್ದಿನ ಕಣ್ಣಪಾ ನಿನಗ!" ಎಂದು ಹುರುಪು ತುಂಬುತ್ತಿದ್ದೆವು. ಹುಡುಗ ಇನ್ನಷ್ಟು ಜೋರು ಹೊಡೆಯುತ್ತಿದ್ದ. ಮರುದಿನ ಮಾಳವ್ವ ಬಂದಳು. ತನ್ನ ಹಳೆಯ ಜಾಗದಲ್ಲೇ, ಡ್ರೈವರನ ಬೆನ್ನ ಹಿಂದೆ ಕೂತಳು.

ದಸರೆ ಮುಗಿದ ವಾರ ಉಳ್ಳಾಗಡ್ಡಿ ಕೀಳಲು ಹೊರಟಿದ್ದೆವು. ಬೆಳಿಗ್ಗೆ ಎಂಟೂವರೆ. ಬಿಸಿಲು ಚೆನ್ನಾಗಿ ಬಿದ್ದಿತ್ತು, ಎರಡು ಹರದಾರಿ ದೂರದ್ದೂ ಕಾಣುತ್ತಿತ್ತು. ಕಾಲುವೆಯ ತಿರುವಿನಲ್ಲಿ ಮುಂದೆ ಒಂದು ಟ್ರ್ಯಾಕ್ಟರ್ ಹೊಟ್ಟು ಹೇರಿಕೊಂಡು ಹೋಗುತ್ತಿತ್ತು. ಯಮನೂರ ಅದನ್ನು ಕಂಡ. ನನಗೂ ಕಂಡಿತು, ಎಲ್ಲರಿಗೂ ಕಂಡಿತು. ಆದರೂ ತಿರುವಿನಲ್ಲೇ ದಾಟಲು ಹೋದ. ಗಾಲಿ ದಂಡೆಯ ಮಣ್ಣಿಗೆ ಇಳಿಯಿತು. ಮುಂದಿನದು ನನಗೆ ತುಂಡು ತುಂಡಾಗಿ ನೆನಪಿದೆ. ಎಚ್ಚರವಾದಾಗ ಗಾಡಿ ಕಾಲುವೆಯಲ್ಲಿ ಮಗುಚಿ ಬಿದ್ದಿತ್ತು, ಬುತ್ತಿಯ ಗಂಟುಗಳು ನೀರಿನಲ್ಲಿ ತೇಲಿ ಹೋಗುತ್ತಿದ್ದವು. ನನ್ನ ಎಡಗೈ ಮುರಿದಿತ್ತು. ಪುಷ್ಪಾವತಿ ಅಲ್ಲೇ ಹೋಗಿದ್ದಳು. ಮಾಳವ್ವನನ್ನು ಗಾಡಿ ಎತ್ತಿ ಹೊರಗೆ ತೆಗೆಯಲು ಒಂದು ತಾಸು ಹಿಡಿಯಿತು. ದವಾಖಾನೆ ಮುಟ್ಟುವ ಮೊದಲೇ ನನ್ನ ತಂಗಿ ಹೋದಳು.

ಅವಳ ಮನೆಯ ಪಡಸಾಲೆಯಲ್ಲಿ ಮೂರು ದಿನ ಕೂತೆ. ಹಗಲೆಲ್ಲ ಹೆಂಗಸರು ಬರುವರು, ಅಳುವರು, ಸೆರಗಿನಿಂದ ಮೂಗು ಒರೆಸಿಕೊಂಡು ಮಾತಿಗೆ ಇಳಿಯುವರು. ಎರಡನೇ ದಿನ, ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಕಳಕವ್ವ ಹೇಳಿದಳು, "ದೇವ್ರು ದೊಡ್ಡವಾ. ಹುಡುಗ ಇದ್ದದ್ದಕ್ಕ ಇಬ್ಬರಾಗ ಮುಗೀತು. ಆ ಖಾದರ ಇದ್ದಿದ್ರ ಒಬ್ಬಾಕಿನೂ ಉಳೀತಿರಲಿಲ್ಲ." ಎಲ್ಲರೂ ಹೌದು ಎಂದರು. ಮೂರನೇ ದಿನದ ಹೊತ್ತಿಗೆ ಬಂದವರೆಲ್ಲ ಅದನ್ನೇ ಹೇಳಿ ಹೋಗುತ್ತಿದ್ದರು. ಬೆಳಗಿನ ಬಿಸಿಲಲ್ಲಿ, ಕಣ್ಣು ಕಾಣುವ ಹುಡುಗನೇ ನಮ್ಮನ್ನು ಕಾಲುವೆಗೆ ಹಾಕಿದ್ದ. ನನ್ನ ತಂಗಿಗೆ ಕಂಡದ್ದು ಹದಿಮೂರು ಜನರಿಗೆ ಕಂಡಿರಲಿಲ್ಲ, ಅವಳೇ ಹೋದಳು. ಇನ್ನು ಖಾದರನಿಗಾದರೂ ನಿಜ ಹೇಳಿಬಿಡಬೇಕು ಎಂದು ನಿರ್ಧಾರ ಮಾಡಿದೆ. ಅವನಿಗೆ ಅವನ ಕಣ್ಣನ್ನಾದರೂ ವಾಪಸು ಕೊಡಬೇಕಿತ್ತು.

ಆ ದಿನ ಸಂಜೆ ಅವನೇ ರಾಜಮಾಳ ಜೊತೆ ಬಂದ. ಹೊರಗೆ ಇನ್ನೂ ಬೆಳಕಿತ್ತು. ಕಂಬಕ್ಕೆ ಒರಗಿ ಕೂತ. ತಲೆ ಎತ್ತದೆ ಹೇಳಿದ:

"ಮಾಳವ್ವಕ್ಕಾರು ನನ್ನ ಬೆನ್ನಿಗೆ ಕುಂತು ಹನ್ನೊಂದ ವರ್ಷ ಬಂದ್ರು. ಅಲ್ಲಾಹ ನನ್ನ ಕೈಯಾಗ ಆ ಪಾಪ ಹಾಕ್ಲಿಲ್ಲ. ನಾ ಇದ್ದಿದ್ರ ನೀವ್ಯಾರೂ ಉಳೀತಿರಲಿಲ್ರಿ ಅಕ್ಕಾರ."

"ಖಾದರ," ಎಂದೆ, "ನಿನ್ನ ಕಣ್ಣಿಗೆ ಏನೂ ಆಗಿಲ್ಲೋ ತಮ್ಮಾ. ಆ ಮಾತು ನಾ ಹುಟ್ಟಿಸಿದ್ದು. ಅರ್ಜುನಪ್ಪ ಕೈ ಮಾಡಿದ ದಿನ ಚ್ಯಾಷ್ಟಿಗೆ ಅಂದೆ. ನೀನೂ ನಕ್ಕಿದ್ಯಲ್ಲ, ನೆನಪ ಇಲ್ಲೇನ? ಅದೊಂದ ಮಾತ ಊರೆಲ್ಲಾ ತಿರುಗಿ ಬಂತು. ಅದರಾಗ ಖರೇ ಏನೂ ಇಲ್ಲ. ಡಾಕ್ಟರ್ ಹೇಳಿದ್ದ ಖರೇ."

ಕಳಕವ್ವ ನನ್ನ ಬೆನ್ನ ಮೇಲೆ ಕೈಯಾಡಿಸಿದಳು. "ತಂಗೀನ ಕಳಕೊಂಡಾಳ. ಏನ ಮಾತಾಡ್ತಾಳ ಅದೂ ಗೊತ್ತಾಗವಲ್ದು ಪಾಪ," ಎಂದಳು. ನೀರು ತಂದುಕೊಡಿ ಎಂದರು ಯಾರೋ. ಮಾಳವ್ವನ ಮಗಳು ರೇಷ್ಮಾ ಮಾತ್ರ ಮೂಲೆಯಿಂದ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಹೇಳಿದ್ದು ಅವಳೊಬ್ಬಳಿಗೆ ಅರ್ಥವಾಯಿತು. ಅವತ್ತಿನಿಂದ ಅವಳು ನನ್ನ ಜೊತೆ ಮಾತಾಡಿಲ್ಲ.

ಖಾದರನ ಕಣ್ಣಲ್ಲಿ ನೀರು ಬಂದಿತ್ತು. "ನನ್ನ ಸಮಾಧಾನಕ್ಕ ಹೇಳ್ತೀರಿ ನೀವು," ಎಂದ. "ಇಂಥಾ ದುಃಖದಾಗೂ ನನ್ನ ಸಮಾಧಾನ ಮಾಡಾಕ ನೋಡ್ತೀರಿ. ನನ್ನ ಕಣ್ಣ ನನಗ ಗೊತ್ತಿಲ್ಲೇನ್ರಿ ಅಕ್ಕಾರ? ಊರಿಗೆಲ್ಲಾ ಗೊತ್ತೈತಿ."

ಇನ್ನೂ ಹೇಳಬೇಕೆಂದಿದ್ದೆ. ಹಿಡಿದು ಅಲುಗಾಡಿಸಿ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವನು ಎದ್ದ. ರಾಜಮಾ ತೋಳು ಕೊಟ್ಟಳು, ಅವನು ಹಿಡಿದುಕೊಂಡ. ಪಡಸಾಲೆಯಿಂದ ಅಂಗಳಕ್ಕೆ ಎರಡೇ ಮೆಟ್ಟಿಲು. ಬಾಗಿಲಲ್ಲಿ ಸಂಜೆಯ ಬಿಸಿಲು ಹಳದಿಯಾಗಿ ಬಿದ್ದಿತ್ತು, ಮೆಟ್ಟಿಲ ಮೇಲೆ ಹರಿಯುತ್ತಿದ್ದ ಇರುವೆ ಕೂಡ ನಾನು ಕೂತಲ್ಲಿಗೆ ಕಾಣುತ್ತಿತ್ತು. ಅವನು ಹೊಸ್ತಿಲ ಹತ್ತಿರ ಹೋಗಿ ಕಾಲು ಎತ್ತಿದ. ನಾನು ಕೂತಲ್ಲಿಂದಲೇ ಮುರಿದ ಕೈಯನ್ನೂ ಲೆಕ್ಕಿಸದೆ ಮುಂದಕ್ಕೆ ಬಾಗಿದೆ.

"ಹುಷಾರೋ ಖಾದರ," ಎಂದೆ. "ಅಲ್ಲಿ ಮೆಟ್ಟಲ ಐತಿ."